ಹಿನ್ನೀರಿನಲ್ಲಿ ಎರಡನೇ ಪ್ಲೇಟು

“ನನ್ನ ಮಗ ಬರೂತನಾ ನೀವು ಸಹಿ ಮಾಡಬಾರದ್ರಿ ಅಕ್ಕಾರ.”

ಸತ್ತೆವ್ವ ಉಮಾಶ್ರೀಯ ಮೇಜಿನ ಮೇಲಿದ್ದ ಕರಾರುಪತ್ರದ ಮೇಲೆ ಎರಡೂ ಅಂಗೈ ಊರಿ ನಿಂತಿದ್ದಳು. ದಾಂಡೇಲಿಯ ಬಂಗೂರನಗರದ ಮನೆಯಿಂದ ಆಫೀಸಿಗೆ ಬಿಸಿಲಲ್ಲಿ ನಡೆದೇ ಬಂದಿದ್ದಳು. ಬೆವರಿಗೆ ಸೆರಗು ಕುತ್ತಿಗೆಗೆ ಅಂಟಿಕೊಂಡಿತ್ತು.

ಎದುರಿಗೆ ಕೂತಿದ್ದ ರೋಹಿತ ತನ್ನ ಪೆನ್ನಿಗೆ ಮುಚ್ಚಳ ಹಾಕಿ ಕಿಟಕಿಯ ಕಡೆ ಮುಖ ತಿರುಗಿಸಿದ. ಮಾರಾಟ ಮಾಡಲು ಬಂದವನಿಗೆ ಇರಬೇಕಾದ ತಾಳ್ಮೆ ಅವನಲ್ಲಿತ್ತು.

“ಸತ್ತೆವ್ವಾ, ಕೂಡ್ರು ಮೊದಲ,” ಎಂದಳು ಉಮಾಶ್ರೀ.

“ಕೂಡೂದಿಲ್ರಿ. ಸೋಮವಾರ ಮುಂಜಾನೆ ಹೋಗೂವಾಗ ಹೇಳಿ ಹೋಗ್ಯಾನ. ‘ಯವ್ವಾ, ನಾ ಬರೂದು ತಡಾ ಆದ್ರ ಆಫೀಸಿಗೆ ಹೋಗು. ಸಹಿ ಮಾಡಬ್ಯಾಡ್ರಿ ಅಂತ ಅಕ್ಕಾರಿಗೆ ಹೇಳು’ ಅಂದ. ಇವತ್ತ ಬರ್ತಾನ, ನಾಳೆ ಬರ್ತಾನ ಅಂತ ನಾ ಬಾಗಲಾ ಕಾಕೋತ ಕುಂತೆ. ನಂದ ತಪ್ಪು.”

ಅವಳ ಮಗ ಸಾಗರ ಉಮಾಶ್ರೀಯ ಬಳಿ ಡಿಶ್ ಕೂರಿಸುವ ಕೆಲಸಕ್ಕಿದ್ದ; ಸೋಮವಾರ ಹೋದವನು ಗುರುವಾರವಾದರೂ ಮರಳಿರಲಿಲ್ಲ. ಸಿಕ್ಕಿದ್ದು ಅಣಶಿಯ ಕಾಡಿನಲ್ಲಿ ಅವನ ಮೋಟರ್‌ಸೈಕಲ್ ಒಂದೇ.

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಮಧುಮತಿ ಒಳಗೆ ಬಂದಳು. ಪೊಲೀಸ್ ವೈರ್‌ಲೆಸ್ ವಿಭಾಗದ ಕೆಲಸ ಬಿಟ್ಟು, ಹಳಿಯಾಳದಲ್ಲಿ ಖಾಸಗಿ ಪತ್ತೆ ಕೆಲಸ ಮಾಡಿಕೊಂಡಿದ್ದ ಐವತ್ತರ ಹೆಂಗಸು. ಸಾಗರನನ್ನು ಹುಡುಕಿಕೊಡಿ ಎಂದು ಅವಳನ್ನು ಕರೆಸಿದ್ದವಳು ಉಮಾಶ್ರೀಯೇ.

“ಯಾಕ ಸಹಿ ಮಾಡಬಾರದು ಅಂತ ಹೇಳಿದ್ನೇನು?” ಎಂದು ಮಧುಮತಿ ಕೇಳಿದಳು.

“ನನಗ ತಿಳಿಯೂದಿಲ್ಲ ಅಂತ ಬಿಟ್ಟನೋ, ಅಂಜ್ತಾಳ ಅಂತ ಬಿಟ್ಟನೋ. ಹೇಳಲಿಲ್ರಿ.”

ಉಮಾಶ್ರೀ ಎರಡೂ ಕೈಗಳಿಂದ ಹಣೆ ಹಿಡಿದುಕೊಂಡಳು. ಅವಳ ಸಂಕಟ ಅವಳಿಗೇ ಗೊತ್ತು. ಅವಳ ‘ಕಾಳಿತೀರ ನೆಟ್’ ಸಣ್ಣ ಸಂಸ್ಥೆ. ದಾಂಡೇಲಿ, ಹಳಿಯಾಳ, ಮುಂಡಗೋಡಗಳಿಗೆ ಕೇಬಲಿನಲ್ಲಿ ಇಂಟರ್ನೆಟ್ ಒದಗಿಸುತ್ತಿತ್ತು. ಆದರೆ ಜೋಯಿಡಾದ ಕಾಡೊಳಗಿನ ಕೇರಿಗಳಿಗೆ ಕೇಬಲ್ ಹೋಗುವುದಿಲ್ಲ, ಮೊಬೈಲ್ ಸಿಗುವುದಿಲ್ಲ. ಅಲ್ಲಿ ಉಪಗ್ರಹವೊಂದೇ ದಾರಿ. ಈಗ ಬಳಸುತ್ತಿದ್ದ ಹಳೆಯ ಉಪಗ್ರಹದ ಆಯುಷ್ಯ ಮುಗಿದು, ಬರುವ ವಾರ ಸೇವೆ ನಿಲ್ಲುವುದಿತ್ತು. ಇವತ್ತು ಆರ್ಡರ್ ಹೋಗದಿದ್ದರೆ ಮಳೆಗಾಲಕ್ಕೆ ಮೊದಲು ಹೊಸ ಸಾಮಾನು ಕಾಡು ಸೇರುವುದಿಲ್ಲ.

ಆಯ್ಕೆಗೆ ಎರಡು ವ್ಯವಸ್ಥೆಗಳಿದ್ದವು. ಒಂದು ಹಳೆಯ ಬಗೆಯ ಡಿಶ್. ಬಹಳ ಎತ್ತರದಲ್ಲಿ ಒಂದೇ ಕಡೆ ನಿಂತಂತಿರುವ ಉಪಗ್ರಹವನ್ನು ನೆಟ್ಟ ದೃಷ್ಟಿಯಿಂದ ನೋಡುತ್ತಿರುತ್ತದೆ. ನಿಧಾನ, ಆದರೆ ಮರಗಳ ನಡುವೆ ಕಿಂಡಿಯಷ್ಟು ಆಕಾಶ ಸಿಕ್ಕರೂ ಅದಕ್ಕೆ ಸಾಕು. ಇನ್ನೊಂದು ರೋಹಿತನ ಕಂಪನಿಯ ಚಪ್ಪಟೆ ಪ್ಲೇಟು. ತಗ್ಗಿನಲ್ಲಿ ಹಾರಿಹೋಗುವ ಸಣ್ಣ ಉಪಗ್ರಹಗಳನ್ನು ಒಂದಾದ ಮೇಲೊಂದರಂತೆ ಹಿಡಿಯುತ್ತದೆ. ಮಿಂಚಿನ ವೇಗ, ಆದರೆ ತಲೆಯ ಮೇಲೆ ತೆರೆದ ಆಕಾಶ ಬೇಕು.

ದಟ್ಟ ಕಾಡಿನಲ್ಲಿ ಪ್ಲೇಟು ನಡೆಯುತ್ತದೆಯೇ? ಪ್ರಶ್ನೆ ಅಷ್ಟೇ. ನಡೆಯುತ್ತದೆ ಎಂದು ಉಮಾಶ್ರೀಯ ತಮ್ಮ ಅಜಯ ವರದಿ ಕೊಟ್ಟಿದ್ದ. ಸಂಸ್ಥೆಯ ತಾಂತ್ರಿಕ ಕೆಲಸವೆಲ್ಲ ಅವನದೇ. ಅಣಶಿಯ ಆಚೆಗಿನ ಮಾವಳಿವಾಡದಲ್ಲಿ, ಮರಗಳ ಕೆಳಗೆ, ಪ್ಲೇಟು ಒಂದು ಸಲವೂ ಕೈಕೊಡಲಿಲ್ಲ ಎಂದು ಬರೆದಿದ್ದ.

“ಒಂದು ಗಂಟೆಗೆ ನಮ್ಮ ಟ್ರಯಲ್ ಮುಗೀತದ ಮೇಡಂ,” ಎಂದ ರೋಹಿತ. ಬೆಳಗಾವಿಯ ಕಡೆಯ ಮೆತ್ತಗಿನ ಮಾತು. “ನಾ ಬಂದ್ ಮಾಡೂದಲ್ಲ. ಆರ್ಡರ್ ಇರಲಿಲ್ಲ ಅಂದ್ರ ಹೆಡ್ ಆಫೀಸಿನ್ಯಾಗ ತಾನ ಬಂದ್ ಆಗ್ತದ.”

“ಅಲ್ಲೀ ಮಟಾ ತಡೀರಿ,” ಎಂದು ಮಧುಮತಿ ಉಮಾಶ್ರೀಗೆ ಹೇಳಿದಳು. “ಆ ಟ್ರಯಲ್ ಪ್ಲೇಟ್ ಎಲ್ಲೈತಿ? ನಾ ಒಂದು ಸರ್ತಿ ನೋಡಬೇಕು.”

* * *

ಪ್ಲೇಟು ಹಿಂದಿನ ಗೋದಾಮಿನಲ್ಲಿತ್ತು. ಬಿಳಿಯ, ಚೊಕ್ಕ, ದೊಡ್ಡ ಪರಾತದಷ್ಟು ಅಗಲ. ಯಾರೋ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿಟ್ಟಿದ್ದರು.

ಆದರೆ ಅದನ್ನು ನಿಲ್ಲಿಸುವ ಕಬ್ಬಿಣದ ಕಾಲುಗಳನ್ನು ಒರೆಸಿರಲಿಲ್ಲ. ಮಧುಮತಿ ನೆಲಕ್ಕೆ ಕೂತು, ಕಾಲಿನ ಟೊಳ್ಳಿನೊಳಗೆ ಕೂದಲಪಿನ್ನು ಹಾಕಿ ಕೆರೆದಳು. ಒಣಗಿ ಬಿರಿದ ಮಣ್ಣು ಅಂಗೈಗೆ ಉದುರಿತು. ಬೂದಿ ಬಣ್ಣ. ಹಿಟ್ಟಿನಷ್ಟು ನುಣುಪು. ಅದರೊಳಗೆ ಕಡಲೆಬೇಳೆಯಷ್ಟು ದೊಡ್ಡ ಬಸವನಹುಳುವಿನ ಚಿಪ್ಪೊಂದಿತ್ತು.

ಅವಳು ಆ ಚಿಪ್ಪನ್ನು ಬಹಳ ಹೊತ್ತು ನೋಡಿದಳು.

ನಿನ್ನೆಯಷ್ಟೇ ಅವಳು ಮಾವಳಿವಾಡಕ್ಕೆ ಹೋಗಿ ಬಂದಿದ್ದಳು. ಅಲ್ಲಿಯ ನೆಲ ಇಟ್ಟಿಗೆಯಷ್ಟು ಕೆಂಪು. ಅವಳ ಸೀರೆಯ ಅಂಚಿಗೆ ಹತ್ತಿದ ಆ ಕೆಂಪು ಎರಡು ಸಲ ಒಗೆದರೂ ಹೋಗಿರಲಿಲ್ಲ. ಹೊಳೆಯ ಮಣ್ಣಾಗಲಿ, ನೀರಿನ ಹುಳುವಾಗಲಿ ಅಲ್ಲಿ ಹುಡುಕಿದರೂ ಸಿಗುವಂತಿರಲಿಲ್ಲ.

ಅವಳು ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮೆಟ್ಟಿಲು ಹತ್ತಿದಳು.

ಅಜಯ ತಾರಸಿಯಲ್ಲಿದ್ದ. ಹಳೆಯ ದೊಡ್ಡ ಡಿಶ್‌ನ ನೆರಳಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದ. ನಾಲ್ಕು ದಿನದ ಗಡ್ಡ. ಮೂವತ್ತೆರಡರ ವಯಸ್ಸಿಗೆ ಕಣ್ಣು ಗುಳಿಬಿದ್ದಿದ್ದವು.

“ಅಜಯ ಅವರ, ಮಾವಳಿವಾಡದಾಗ ಪ್ಲೇಟ್ ಎಲ್ಲೆ ಹಚ್ಚಿದ್ರಿ?”

“ಕನ್ನಡ ಸಾಲಿ ಹಿಂದ.”

“ಸಾಲಿ ಹಿಂದ ಏನೈತಿ?”

“ಮರಾ ಅದಾವ್ರಿ.”

“ಯಾವ ಮರಾ?”

ಅವನು ಮತ್ತೆ ಲ್ಯಾಪ್‌ಟಾಪಿನ ಕಡೆ ಬಗ್ಗಿದ.

“ಸಾಲಿ ಹಿಂದ ಬಾವಿ ಐತಿ,” ಎಂದಳು ಮಧುಮತಿ. “ನಿನ್ನೆ ಆ ಬಾವಿ ಕಟ್ಟಿ ಮ್ಯಾಲ ಕುಂತು ಗೋದುಬಾಯಿ ಜೋಡಿ ಮಾತಾಡಿ ಬಂದೇನಿ. ಅಕಿ ಅಲ್ಲೇ ಆಶಾ ಕಾರ್ಯಕರ್ತೆ. ಯಾವ ಪ್ಲೇಟೂ ಬಂದಿಲ್ಲ, ಸಾಗರ ಒಬ್ಬನ ಡಿಶ್ ತಂದಿದ್ದ ಅಂತ ಹೇಳಿದ್ಲು.”

“ಅಕಿಗೆ ಏನ ಗೊತ್ತಾಗ್ತದ್ರಿ.”

“ಅಕಿಗೆ ನೆಟ್ ಅಂದ್ರ ಏನಂತ ನಿನಗಿಂತ ಚಲೋ ಗೊತ್ತೈತಿ ತಮ್ಮಾ. ಹೋದ ಮಳಿಗಾಲದಾಗ ಅಕಿ ಸೊಸಿಗೆ ಹೆರಿಗಿ ನೋವು ಬಂತು. ಲೈನ್ ಹೋಗಿತ್ತು. ಅಂಬುಲನ್ಸಿಗೆ ಹೇಳಾಕ ಆಗಲಿಲ್ಲ. ಕಂಬಳ್ಯಾಗ ಹೊತ್ಕೊಂಡು ರಸ್ತಾಕ್ಕ ಬರೂದ್ರಾಗ ತಾಯೀನೂ ಉಳೀಲಿಲ್ಲ, ಕೂಸೂ ಉಳೀಲಿಲ್ಲ.”

ಅಜಯ ಲ್ಯಾಪ್‌ಟಾಪ್ ಮುಚ್ಚಿದ.

ಮಧುಮತಿ ಕರವಸ್ತ್ರ ಬಿಚ್ಚಿ ಅವನ ಮುಂದೆ ಹಿಡಿದಳು. “ಇದು ಪ್ಲೇಟಿನ ಕಾಲಾಗ ಸಿಕ್ಕದ್ದು. ಬ್ಯಾಸಿಗ್ಯಾಗ ಸೂಪಾ ಡ್ಯಾಮಿನ ಹಿನ್ನೀರು ಇಳಿದಾಗ ಇಂಥಾ ಮಣ್ಣ ತೆರೀತದ. ಅಲ್ಲೆ ಆಕಾಶಕ್ಕ ಒಂದು ಟೊಂಗಿನೂ ಅಡ್ಡ ಇರೂದಿಲ್ಲ. ನೀವು ಟೆಸ್ಟ್ ಮಾಡಿದ್ದು ಅಲ್ಲೆ.”

ಕೆಳಗೆ ರಸ್ತೆಯಲ್ಲಿ ಬಿದಿರು ಹೇರಿದ ಲಾರಿಯೊಂದು ಏದುತ್ತ ಕಾಗದದ ಕಾರ್ಖಾನೆಯ ಕಡೆ ಹೋಯಿತು. ಅಜಯ ಒಂದು ಚಿಟಿಕೆ ಮಣ್ಣನ್ನು ಬೆರಳಲ್ಲಿ ತಿಕ್ಕಿದ.

“ಅಣಶಿ ಒಳಗ ಹೋಗಾಕ ಪರವಾನಗಿ ಬರೂತನಾ ಆರ್ಡರಿನ ದಿನಾ ದಾಟ್ತದ ಅಂತ ರೋಹಿತ ಹೇಳಿದಾ,” ಎಂದ. “ಆಕಾಶ ಎಲ್ಲಾ ಕಡೆ ಒಂದ ಅಲ್ಲೇನು ಅಂದ. ನನಗೂ ಹಂಗ ಅನ್ನಿಸ್ಕೊಳ್ಳೂದು ಬೇಕಾಗಿತ್ತು. ಡಿಶ್ ವೇಗ ಸಾಲೂದಿಲ್ಲ ಅಂತ ಗಿರಾಕಿ ಬಿಟ್ಟು ಹೋಗಾಕತ್ತಾರ್ರಿ. ಪ್ಲೇಟ್ ಬಂದ್ರ ಅಕ್ಕನ ಕಂಪನಿ ಉಳೀತದ ಅಂತ…”

“ಸಾಗರ?”

“ಶನಿವಾರ ಒಂದು ಪ್ಲೇಟ್ ಟೆಸ್ಟ್ ಮಾಡಿದ್ವಿ. ಅದರ ವೇಗದ ನಂಬರ್ ನೋಡೇ ಅವಗ ಸಂಶೆ ಬಂತು. ಕಾಡಿನ್ಯಾಗ ಇಷ್ಟು ಚಲೋ ಬರಾಕ ಸಾಧ್ಯ ಇಲ್ಲ ಅಂದ. ಸೋಮವಾರ ಎರಡನೇ ಪ್ಲೇಟ್ ತಗೊಂಡು ಹೋದಾಗ ನಮ್ಮ ಪಿಕಪ್ ಹಿಂದ ಬಂದಾನ. ಹಿನ್ನೀರಿಗೇ ಬಂದ.”

“ಜಗಳಾ ಆತೇನು?”

“ಆತು. ‘ಅಣ್ಣಾ, ಗೋದುಬಾಯಿ ಮುಂದ ಹೋಗಿ ಈ ಮಾತು ಹೇಳ್ರಿ ನೋಡೂಣು’ ಅಂದ. ನನಗ ನಿಂದ್ರಾಕ ಆಗಲಿಲ್ಲ. ಅಷ್ಟರಾಗ ರೋಹಿತ ಸಮಾಧಾನ ಮಾಡಿದ. ನೀರಿನ ನಡಕ ಒಂದು ದಿಬ್ಬ ಐತಿ, ಮ್ಯಾಲ ದಟ್ಟ ಮರಾ ಅದಾವು, ಅಲ್ಲೇ ಮರದ ಕೆಳಗ ಟೆಸ್ಟ್ ಮಾಡೂಣು ಅಂದ. ಸಾಗರ ಒಪ್ಪಿದ. ಇಬ್ಬರೂ ಬೋಟಿನ್ಯಾಗ ಪ್ಲೇಟು, ಬ್ಯಾಟರಿ, ಸೋಲಾರ ಹೇರೂದು ನೋಡೇ ನಾ ಹೊಂಟೆ. ಹಳಿಯಾಳದಾಗ ಕೇಬಲ್ ಕಡದಿತ್ತು. ಪಿಕಪ್ ಅವರಿಗೇ ಬಿಟ್ಟು, ಲಾರಿ ಹಿಡದು ಬಂದೆ.”

“ಆಮ್ಯಾಲ?”

“ಸಾಗರ ಒಪ್ಪಲಿಲ್ಲ, ಪ್ಲೇಟ್ ತಗೊಂಡು ಬೈಕ್ ಮ್ಯಾಲ ಮಾವಳಿವಾಡಕ್ಕ ಹೋದ ಅಂತ ರೋಹಿತ ಸಂಜಿಗೆ ಹೇಳಿದ. ಮರುದಿನ ಬೈಕ್ ಅಲ್ಲೇ ಸಿಕ್ತು. ಅಂದಮ್ಯಾಲ ಖರೇನ ಹೋಗ್ಯಾನ ಅಂತ ತಿಳದೆ.”

“ಆ ಬೈಕ್ ನೀ ನೋಡಿದ್ಯೇನು?”

“ಇಲ್ರಿ.”

“ನಾ ನೋಡೇನಿ. ಜೋಯಿಡಾ ಠಾಣೆದಾಗ ನಿಂತೈತಿ. ಅಂಥಾ ಕೆಂಪು ಹಾದಿಯೊಳಗ ಹೋದ ಗಾಡಿ ಮ್ಯಾಲ ಒಂದು ಚಿಟಿಕಿ ಕೆಂಪು ಧೂಳಿಲ್ಲ. ಟಾಯರಿನ ಕಚ್ಚಿನ್ಯಾಗ ಇರೂದು ಇದ ಬೂದಿ ಮಣ್ಣು.” ಮಧುಮತಿ ಕರವಸ್ತ್ರದ ಗಂಟು ಕಟ್ಟಿದಳು. “ಬೈಕ್ ಓಡಿಸ್ಕೊಂಡು ಯಾರೂ ಹೋಗಿಲ್ಲ ತಮ್ಮಾ. ಪಿಕಪ್ಪಿನ್ಯಾಗ ಒಯ್ದು ಇಳಿಸ್ಯಾರ. ಮೂರು ದಿನಾತು, ಪೊಲೀಸರು, ಊರವರು ಎಲ್ಲಾ ಅಣಶಿ ಕಾಡು ಜಾಲಾಡಾಕತ್ತಾರ. ಆ ಹುಡುಗ ಅಲ್ಲಿಗೆ ಹೋಗೇ ಇಲ್ಲ.”

ಅಜಯ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ.

“ಅಳಾಕ ಆಮ್ಯಾಲ ಟೈಮ್ ಸಿಗ್ತದ,” ಎಂದಳು ಮಧುಮತಿ. “ಎರಡನೇ ಪ್ಲೇಟ್ ಎಲ್ಲೈತಿ ಅಂತ ನಿನ್ನ ಲ್ಯಾಪ್‌ಟಾಪಿನ್ಯಾಗ ಕಾಣ್ತದೇನು?”

“ಚಾಲೂ ಇದ್ರ ಕಾಣ್ತದ. ಸೋಮವಾರದಿಂದ ಬಂದ್ ಐತ್ರಿ. ದಿನಾ ನೋಡ್ತೇನಿ.”

“ಈಗ ನೋಡು.”

ಅವನು ಲ್ಯಾಪ್‌ಟಾಪ್ ತೆರೆದ. ಪರದೆಯ ಮೇಲೆ ಎರಡು ಚುಕ್ಕೆ. ಒಂದು ಗೋದಾಮಿನದು. ಇನ್ನೊಂದು ಬೂದು ಬಣ್ಣದ್ದು, ಎದುರಿಗೆ ಸೋಮವಾರದ ತಾರೀಖು.

ಇಬ್ಬರೂ ನೋಡುತ್ತಲೇ ಕೂತರು. ಡಿಶ್‌ನ ನೆರಳು ಅವರ ಕಾಲಬುಡಕ್ಕೆ ಸರಿದುಬಂತು. ಮಧುಮತಿಗೆ ಭರವಸೆಯೇನೂ ಇರಲಿಲ್ಲ. ಹಿನ್ನೀರಿನಲ್ಲಿ ಮೂರು ದಿನ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಸತ್ತೆವ್ವನಿಗೆ ಯಾವ ಮಾತಿನಲ್ಲಿ ಹೇಳುವುದು ಎಂದು ಅವಳು ಒಳಗೊಳಗೇ ಹುಡುಕತೊಡಗಿದ್ದಳು.

ಬೂದು ಚುಕ್ಕೆ ಹಸಿರಾಯಿತು.

ಹಸಿರು ಒಂದೆರಡು ಕ್ಷಣ ನಿಂತು ಮತ್ತೆ ಬೂದು ಬಣ್ಣಕ್ಕೆ ತಿರುಗಿತು. ಅಷ್ಟರಲ್ಲಿ ನಕಾಶೆ ತೆರೆದುಕೊಂಡಿತ್ತು. ಸೂಪಾ ಹಿನ್ನೀರಿನ ನಡುವಿನ ದಿಬ್ಬ.

“ಯಾರೋ ಅದನ್ನ ಮರದ ಕೆಳಗಿಂದ ಬಯಲಿಗೆ ಎಳಿಯಾಕತ್ತಾರ,” ಎಂದ ಅಜಯ. “ಮರದ ಕೆಳಗ ಅದು ಹತ್ತೂದ ಇಲ್ರಿ. ಅದಕ್ಕ ಇಷ್ಟು ದಿನಾ…”

ಮಧುಮತಿ ಆಗಲೇ ಜೋಯಿಡಾ ಠಾಣೆಯ ಸಬ್ ಇನ್ಸ್‌ಪೆಕ್ಟರ್ ನಾಗಲಿಂಗಪ್ಪನಿಗೆ ಫೋನು ಹಚ್ಚಿದ್ದಳು. ಅಣಶಿ ಬಿಡಿ, ಸೂಪಾಕ್ಕೆ ಹೋಗಿ, ಬೋಟ್ ನೀರಿಗಿಳಿಸಿ. ಅವನು ಎರಡನೇ ಪ್ರಶ್ನೆ ಕೇಳದೆ ಹೊರಟ.

“ಅಜಯ, ಟ್ರಯಲ್ ಒಂದು ಗಂಟೆಗೆ ಮುಗಿದ್ರ ಆ ಪ್ಲೇಟೂ ಬಂದ್ ಆಗ್ತದೇನು?”

“ಎರಡೂ ಬಂದ್.”

ಗಂಟೆ ಒಂದಾಗಲು ಬಹಳ ಹೊತ್ತಿರಲಿಲ್ಲ.

* * *

ರೋಹಿತನಿಗೆ ಕೇಳಿಸದಂತೆ ಮಧುಮತಿ ಉಮಾಶ್ರೀಯನ್ನು ನೀರಿನ ಕೊಡದ ಬಳಿ ಕರೆದೊಯ್ದು ಎಲ್ಲವನ್ನೂ ಹೇಳಿದಳು. ತಮ್ಮನ ಹೆಸರು ಬಂದಾಗ ಉಮಾಶ್ರೀ ಕಣ್ಣು ಮುಚ್ಚಿದಳು. ಮತ್ತೆ ತೆರೆದಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

“ನಾ ಸಹಿ ಮಾಡಿದ್ರ ಪ್ಲೇಟ್ ಚಾಲೂ ಉಳೀತದ,” ಎಂದಳು ಮೆಲ್ಲಗೆ. “ಡಿಶ್‌ದವರು ಉಪಗ್ರಹದಾಗ ನಮ್ಮ ಸಲುವಾಗಿ ಇಟ್ಟ ಜಾಗಾ ಸಂಜಿಗೆ ಬ್ಯಾರೇದವರ ಪಾಲಾಗ್ತದ. ಮಳಿಗಾಲ ಪೂರ್ತಿ ಮಾವಳಿವಾಡ ಕತ್ತಲ್ಯಾಗ.”

“ಹೌದು.”

“ಸಹಿ ಮಾಡಲಿಲ್ಲ ಅಂದ್ರ?”

“ಅಂವ ಜೀವಂತ ಅದಾನೋ ಇಲ್ಲೋ, ಬೋಟ್ ಮುಟ್ಟೂತನಾ ನಮಗ ತಿಳಿಯೂದಿಲ್ಲ. ದಿಬ್ಬದ ಮ್ಯಾಲ ಅವನ ಜೋಡಿ ಯಾರಾದ್ರೂ ಅದಾರೇನು ಅನ್ನೂದೂ ತಿಳಿಯೂದಿಲ್ಲ.”

ಉಮಾಶ್ರೀ ಒಳಗೆ ಹೋದಳು. ಸತ್ತೆವ್ವ ಇನ್ನೂ ಹಾಗೆಯೇ ಕಾಗದದ ಮೇಲೆ ಕೈಯಿಟ್ಟು ನಿಂತಿದ್ದಳು. ಉಮಾಶ್ರೀ ಆ ಕೈಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು.

“ಅಕ್ಕಾರ, ಅಂವ ಬ್ಯಾಡ ಅಂದಾನ್ರಿ,” ಎಂದಳು ಸತ್ತೆವ್ವ.

“ಅವನ ಸಲುವಾಗೇ ಮಾಡಾಕತ್ತೇನಿ ಯವ್ವಾ.”

ಅವಳು ಸಹಿ ಮಾಡಿದಳು. ರೋಹಿತ ಕಾಗದದ ಫೋಟೊ ತೆಗೆದು ಕಳಿಸಿದ. ‘ಅಭಿನಂದನೆ’ ಎಂದು ಕೈ ಚಾಚಿದ. ಆ ಕೈಯನ್ನು ಯಾರೂ ಹಿಡಿಯಲಿಲ್ಲ.

ಅಜಯ ಲ್ಯಾಪ್‌ಟಾಪನ್ನು ತಂದು ಮೇಜಿನ ಮೇಲಿಟ್ಟ. ಪರದೆಯನ್ನು ನೋಡಿದ್ದೇ ರೋಹಿತ ಕುರ್ಚಿಯಿಂದ ಅರ್ಧ ಎದ್ದ.

“ಕೂಡ್ರಿ,” ಎಂದಳು ಮಧುಮತಿ, ಬಾಗಿಲಿಗೆ ಅಡ್ಡ ಕುರ್ಚಿ ಎಳೆದುಕೊಂಡು.

ಚುಕ್ಕೆ ಹಸಿರಾಯಿತು. ಈ ಸಲ ಆರಲಿಲ್ಲ.

ಸತ್ತೆವ್ವನ ಸೊಂಟದ ಚೀಲದಲ್ಲಿ ಫೋನು ರಿಂಗಾಯಿತು. ಅವಳಿಗೆ ಅದನ್ನು ತೆಗೆಯಲಾಗಲಿಲ್ಲ. ಉಮಾಶ್ರೀಯೇ ತೆಗೆದು, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

“ಯವ್ವಾ.”

ಕ್ಷೀಣ ದನಿ. ಆದರೆ ಅವನದೇ.

ಸತ್ತೆವ್ವ ಅಳಲಿಲ್ಲ. ಮೇಜಿನ ಅಂಚನ್ನು ಹಿಡಿದು ಕೆಳಗೆ ಕೂತಳು. “ಉಂಡಿಯೇನಪ್ಪಾ,” ಎಂದಳು.

“ನೀರ ಕುಡದೇನವ್ವಾ. ಕಾಲ ಮುರದೈತಿ. ತೆವಳ್ಕೋತ ಪ್ಲೇಟ್ ಬಯಲಿಗೆ ತಂದೆ. ನಿನ್ನೆಯಿಂದ ಎಳಿಯಾಕತ್ತೇನಿ.”

“ಹೆಂಗ ಬಿದ್ದೀ ನನ್ನಪ್ಪಾ?”

“ನಾ ಬಿದ್ದಿಲ್ಲವ್ವಾ.”

ಮಧುಮತಿ ರೋಹಿತನನ್ನು ನೋಡಿದಳು. ಅವನು ಫೋನನ್ನಲ್ಲ, ಕಿಟಕಿಯನ್ನು ನೋಡುತ್ತಿದ್ದ.

“ಸಾಗರಾ, ನಾ ಮಧುಮತಿ, ನಿನ್ನ ಹುಡುಕಾಕ ಬಂದಾಕಿ. ಯಾರು ಮಾಡಿದ್ರು ಹೇಳು.”

“ಹೇಳ್ತೇನ್ರಿ. ಬೋಟ್ ಬಂತು, ನಾ ಅಲ್ಲಿಗೆ ಬಂದ ಮ್ಯಾಲ ಎಲ್ಲಾ ಹೇಳ್ತೇನಿ. ದೇವ್ರು ಬಂದಂಗ ಬಂತು ನೋಡ್ರಿ ಅಕ್ಕಾರ, ನಿಮ್ಮ ಬೋಟ್.”

ಉಮಾಶ್ರೀಯ ಮುಖ ಅರಳಿತು. ಮಧುಮತಿ ತನ್ನ ಫೋನಿನಲ್ಲಿ ನಾಗಲಿಂಗಪ್ಪನನ್ನು ಹಿಡಿದಳು.

“ಮುಟ್ಟಿದ್ರೇನು?”

“ಎಲ್ಲೀದ್ರಿ ಮೇಡಂ. ಇನ್ನೂ ಘಟ್ಟದ ತಿರುವಿನ್ಯಾಗ ಅದೇವಿ. ದಂಡಿ ಮುಟ್ಟಬೇಕು, ಬೋಟ್ ಹುಡುಕಬೇಕು.”

ಕೋಣೆಯಲ್ಲಿ ಎಲ್ಲರಿಗೂ ಅದು ಕೇಳಿಸಿತು. ಅಜಯ ಇಲ್ಲಿದ್ದ. ರೋಹಿತ ಇಲ್ಲಿದ್ದ.

“ಸಾಗರಾ,” ಎಂದಳು ಮಧುಮತಿ, ದನಿಯನ್ನು ಆದಷ್ಟು ಸಮವಾಗಿಟ್ಟು, “ಬೋಟಿನ್ಯಾಗ ಎಷ್ಟ ಮಂದಿ ಅದಾರ?”

“ಒಬ್ಬನ ರೀ. ಮಾರಿಗೆ ಟಾವೆಲ್ ಸುತ್ಯಾನ, ಬಿಸಲ ಅಲ್ಲೇನ್ರಿ. ಉಮಕ್ಕಾರ ಕಳಿಸ್ಯಾರ ಅಂತ ಕೂಗಾಕತ್ತಾನ.”

“ನಾ ಯಾರನ್ನೂ ಕಳಿಸಿಲ್ಲ,” ಎಂದಳು ಉಮಾಶ್ರೀ.

ಫೋನಿನಲ್ಲಿ ಗಾಳಿಯ ಸದ್ದಷ್ಟೇ ಬಂತು. ಆ ಸದ್ದಿನ ಹಿಂದೆ ಮೋಟರಿನ ಗುರುಗುಟ್ಟುವಿಕೆ ಹತ್ತಿರಾಗುತ್ತಿತ್ತು.

“ನಾ ಹೇಳಿಲ್ಲ,” ಎಂದ ರೋಹಿತ, ಯಾರೂ ಕೇಳದೆಯೇ. “ಖರೇ ಅಂದ್ರ, ಅಂವ ಅಲ್ಲಿ ಅದಾನ ಅಂತ ನಾ ಯಾರಿಗೂ ಹೇಳಿಲ್ರಿ. ಆ ಚುಕ್ಕಿ ಮಾತ್ರ ನಮ್ಮ ಹೆಡ್ ಆಫೀಸಿನ್ಯಾಗೂ ಕಾಣ್ತದ.”

ಮಧುಮತಿ ಅವನ ಕಡೆ ತಿರುಗಲಿಲ್ಲ. “ಸಾಗರಾ, ಮರಗಳ ಒಳಗ ಹೋಗು. ತೆವಳ್ಕೋತ ಹೋಗು. ಅಂವ ದಂಡಿಗೆ ಹತ್ತೂದ್ರಾಗ ಅಡಗು.”

“ಅಲ್ಲಿ ಹೋದ್ರ ಫೋನ್ ಹೋಗ್ತದ್ರಿ. ಪ್ಲೇಟಿನ ವೈಫೈ ಅಷ್ಟು ದೂರ ಮುಟ್ಟೂದಿಲ್ಲ.”

“ಹೋಗಲಿ ಬಿಡು. ನೀ ಹೋಗು.”

“ಯವ್ವಾ…”

“ಅವರು ಹೇಳ್ದಂಗ ಕೇಳಪ್ಪಾ,” ಎಂದಳು ಸತ್ತೆವ್ವ.

ಒಣ ಎಲೆಗಳ ಮೇಲೆ ಏನೋ ಉಜ್ಜಿಕೊಂಡು ಸಾಗುವ ಸದ್ದು. ನೋವು ನುಂಗಿದ ಒಂದು ನರಳು. ಆಮೇಲೆ ಮಾತು ಕಡಿದು, ಫೋನು ಸುಮ್ಮನಾಯಿತು.

ಪರದೆಯ ಮೇಲೆ ಚುಕ್ಕೆ ಇನ್ನೂ ಹಸಿರಾಗಿಯೇ ಇತ್ತು. ಪ್ಲೇಟು ಬಯಲಿನಲ್ಲಿ ಒಂಟಿಯಾಗಿ ಆಕಾಶ ನೋಡುತ್ತಿತ್ತು. ಅದು ಹಸಿರಾಗಿರುವವರೆಗೆ ದಿಬ್ಬದ ಮೇಲೆ ಏನೂ ಆಗಿಲ್ಲ ಎಂಬಂತೆ ಎಲ್ಲರೂ ಅದನ್ನೇ ನೋಡುತ್ತ ನಿಂತರು. ಸತ್ತೆವ್ವ ನೆಲದಿಂದಲೇ ಕುತ್ತಿಗೆ ಎತ್ತಿ ನೋಡುತ್ತಿದ್ದಳು.

ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತು.

“ಬ್ಯಾಟರಿ ಮುಗಿದಿರಬೇಕು,” ಎಂದಳು ಉಮಾಶ್ರೀ. “ಅಲ್ಲೇನೋ ಅಜಯ?”

ಅಜಯ ಪರದೆಗೆ ಬಗ್ಗಿ ಕೊನೆಯ ಸಾಲು ಓದಿದ. ಮತ್ತೊಮ್ಮೆ ಓದಿದ.

“ಬ್ಯಾಟರಿ ಅರ್ಧ ಐತಿ ಅಕ್ಕಾ,” ಎಂದ. “ಯಾರೋ ವಾಯರ್ ಕಿತ್ತಾರ.”